ಕಂಬವಿಲ್ಲದ ದೊಡ್ಡ ಚಪ್ಪರ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿಯಲ್ಲಿ ‘ಅಕ್ಕ’ (ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ) ವಿಶ್ವ ಕನ್ನಡ ಸಮ್ಮೇಳನ ನಡೆದದ್ದು 2016ರ ಸೆಪ್ಟೆಂಬರಿನಲ್ಲಿ, ರೈಲು ನಿಲ್ದಾಣದ ಪಕ್ಕದ ಕನ್ವೆನ್ಷನ್ ಸೆಂಟರಿನಲ್ಲಿ. ಅದು 1997ರ ಕಟ್ಟಡ. ಅದಕ್ಕೂ ಮುಂಚೆ ಏಳು ದಶಕ ಊರಿನ ಸಮಾವೇಶಗಳ ಭಾರ ಹೊತ್ತದ್ದು ಕಡಲ ದಂಡೆಯ ಹಲಗೆಹಾದಿಗೆ ಮುಖ ಮಾಡಿ ನಿಂತಿರುವ ಬೋರ್ಡ್‌ವಾಕ್ ಹಾಲ್. ಇವೆರಡನ್ನೂ ಒಂದೇ ಎಂದುಕೊಳ್ಳುವವರಿಗಾಗಿ ಈ ಸಂಚಿಕೆಯಲ್ಲಿ ಹಳೆಯದರ ವಿಚಾರ.

1929ರ ಮೇ ತಿಂಗಳಲ್ಲಿ ಬಾಗಿಲು ತೆರೆದಾಗ ಅದರ ಹೆಚ್ಚುಗಾರಿಕೆಯೆಲ್ಲ ಇದ್ದದ್ದು ಸೂರಿನಲ್ಲಿ. ಒಳಗೆ ಸುಮಾರು 456 ಅಡಿ ಉದ್ದ, 310 ಅಡಿ ಅಗಲ, 137 ಅಡಿ ಎತ್ತರ. ನಡುವೆ ಒಂದೇ ಒಂದು ಕಂಬವಿಲ್ಲ. ಸೂರನ್ನು ಹೊತ್ತಿರುವುದು ಮೂರು ಕೀಲುಗಳ ಉಕ್ಕಿನ ಕಮಾನುಗಳು: ಬುಡದಲ್ಲಿ ಎರಡು ಕೀಲು, ನೆತ್ತಿಯಲ್ಲಿ ಒಂದು. ಕಡಲಂಚಿನ ಮರಳಿನಲ್ಲಿ ಒಂದು ಕಡೆಯ ಅಡಿಪಾಯ ತುಸು ಕುಸಿದರೂ, ಬೇಸಿಗೆಯಲ್ಲಿ ಉಕ್ಕು ಹಿಗ್ಗಿದರೂ ಕೀಲು ತಿರುಗಿಕೊಳ್ಳುತ್ತದೆ, ಕಮಾನು ಬಿರಿಯುವುದಿಲ್ಲ. ಬಿಗಿಯಾಗಿ ಕಚ್ಚಿಸಿದ ಕಮಾನಿಗೆ ಈ ಸೌಲಭ್ಯವಿಲ್ಲ.

ಕಂಬವಿಲ್ಲದ ಸಪಾಟು ನೆಲ ಸಿಕ್ಕಿದರೆ ಜನ ಏನು ಬೇಕಾದರೂ ಮಾಡುತ್ತಾರೆ. 1964ರ ಆಗಸ್ಟಿನಲ್ಲಿ ಡೆಮಾಕ್ರಟಿಕ್ ಪಕ್ಷ ಲಿಂಡನ್ ಜಾನ್ಸನ್ನರನ್ನು ಇಲ್ಲೇ ಅಧ್ಯಕ್ಷ ಪದವಿಯ ಅಭ್ಯರ್ಥಿಯಾಗಿಸಿತು. ಆ ಗದ್ದಲ ಮುಗಿದ ಮೂರೇ ದಿನಕ್ಕೆ ಬೀಟಲ್ಸ್ ಬಂದು ಹಾಡಿದರು. ಡಿಸೆಂಬರಿನಲ್ಲಿ ಲಿಬರ್ಟಿ ಬೌಲ್ ಎಂಬ ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಕೃತಕ ಹುಲ್ಲು ಆಗಿನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಕಾಂಕ್ರೀಟಿನ ಮೇಲೆ ಎರಡು ಅಂಗುಲ ಗೋಣಿಬಟ್ಟೆ, ಅದರ ಮೇಲೆ ನಾಲ್ಕು ಅಂಗುಲ ದಪ್ಪದ ನಿಜವಾದ ಹುಲ್ಲು ಹಾಸಿ, ಅದು ಒಣಗದಿರಲೆಂದು ಹಗಲೂ ರಾತ್ರಿ ದೀಪ ಉರಿಸಿದರು. ಆದರೂ ಜಾಗ ಸಾಲಲಿಲ್ಲ; ಅಂಕಣದ ಎರಡೂ ತುದಿಯ ವಲಯಗಳನ್ನು ಹತ್ತು ಗಜದಿಂದ ಎಂಟಕ್ಕೆ ಕತ್ತರಿಸಬೇಕಾಯಿತು. ಯೂಟಾ ತಂಡ 32-6ರಿಂದ ವೆಸ್ಟ್ ವರ್ಜೀನಿಯಾವನ್ನು ಸೋಲಿಸಿತು. ನೋಡಲು ಬಂದವರು ಆರು ಸಾವಿರ ಚಿಲ್ಲರೆ, ಅಷ್ಟೇ.

ಇಷ್ಟು ದೊಡ್ಡ ಗುಡಾಣದಲ್ಲಿ ಧ್ವನಿಯದೇ ತಾಪತ್ರಯ. ಪ್ರತಿಧ್ವನಿ ಮೊದಲು ನುಂಗುವುದು ವ್ಯಂಜನಗಳನ್ನು; ನಮ್ಮ ನಾಟಕದವರ ಒತ್ತಕ್ಷರಗಳು ಹಿಂದಿನ ಸಾಲಿಗೆ ಮುಟ್ಟುವುದೇ ಇಲ್ಲ. ಅಂದಿನವರು ಕಂಡುಕೊಂಡ ಉಪಾಯ ತಮಾಷೆಯದು: ಜಾಗವನ್ನೇ ತುಂಬಿಸುವಷ್ಟು ದೊಡ್ಡ ವಾದ್ಯ. ಎಮರ್ಸನ್ ರಿಚರ್ಡ್ಸ್ ಎಂಬ ರಾಜ್ಯ ಸೆನೆಟರ್ ರೂಪಿಸಿ, ಮಿಡ್ಮರ್-ಲಾಷ್ ಕಂಪನಿ 1932ರ ಹೊತ್ತಿಗೆ ಕಟ್ಟಿ ಮುಗಿಸಿದ ಪೈಪ್ ಆರ್ಗನ್ನಿನಲ್ಲಿ (ಕೊಳವೆಗಳಿಗೆ ಗಾಳಿ ಊದಿಸಿ ನುಡಿಸುವ ವಾದ್ಯ) 33,000ಕ್ಕೂ ಹೆಚ್ಚು ಕೊಳವೆಗಳಿವೆ. ಕೈಯಲ್ಲಿ ನುಡಿಸುವ ಮನೆಗಳ ಸಾಲು ಏಳು. ಸಾಮಾನ್ಯ ಚರ್ಚಿನ ಆರ್ಗನ್ನಿಗೆ ಮೂರು ನಾಲ್ಕು ಅಂಗುಲದ ಗಾಳಿಯೊತ್ತಡ ಸಾಕು (ಆ ಒತ್ತಡ ನೀರನ್ನು ಎಷ್ಟು ಅಂಗುಲ ಮೇಲೆತ್ತುತ್ತದೆ ಎಂಬುದೇ ಅದರ ಅಳತೆ). ಇಲ್ಲಿ ಕೆಲವು ಕೊಳವೆಗಳಿಗೆ 100 ಅಂಗುಲ. ‘64 ಅಡಿ’ ಎಂದು ಕರೆಯುವ ಕೊಳವೆ ಸಾಲಿನ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಎಂಟೇ ಕಂಪನ. ಅದು ಕಿವಿಗೆ ಬೀಳುವುದಕ್ಕಿಂತ ಹೆಚ್ಚಾಗಿ ಕೂತ ಕುರ್ಚಿಗೆ ಗೊತ್ತಾಗುತ್ತದೆ.

1944ರ ಚಂಡಮಾರುತದಲ್ಲಿ ಈ ಆರ್ಗನ್ ನೀರಿಗೆ ಸಿಕ್ಕಿತು. ಯಾವ ಕೊಳವೆ ಸಾಲುಗಳು ಒಟ್ಟಿಗೆ ತೆರೆಯಬೇಕೆಂದು ಹೊಂದಿಸಿಡುವ ಯಂತ್ರ ಹಾಳಾಯಿತು. ಶತಮಾನದ ಕೊನೆಯಲ್ಲಿ ಹಾಲ್ ನವೀಕರಿಸುವ ಗಡಿಬಿಡಿಯಲ್ಲಿ ಇದ್ದಬದ್ದ ಸ್ವರವೂ ನಿಂತಿತು. ಕಟ್ಟಡಕ್ಕೆ ಕೋಟಿಗಟ್ಟಲೆ ಡಾಲರ್ ಸುರಿದವರು ಅದರೊಳಗಿನ ವಾದ್ಯವನ್ನು ಮರೆತದ್ದು ಕ್ಷಮಿಸುವಂಥದ್ದಲ್ಲ.

ವಸ್ತುಪ್ರದರ್ಶನಗಳು ಇಲ್ಲಿಂದ ಕಾಲ್ತೆಗೆದದ್ದಕ್ಕೆ ಲೆಕ್ಕವೇ ಕಾರಣ. ಹಳೆಯ ನೆಲ ಹೆಚ್ಚೆಂದರೆ 1.4 ಲಕ್ಷ ಚದರ ಅಡಿ. ಹೊಸ ಸೆಂಟರಿನ ಪ್ರದರ್ಶನಾಂಗಣ ಸುಮಾರು 5 ಲಕ್ಷ. ಮಳಿಗೆ ಹಾಕುವವರಿಗೆ ಕಮಾನಿನ ಚೆಂದ ಬೇಡ. ಲಾರಿ ಹಿಮ್ಮುಖವಾಗಿ ಬಂದು ಸಾಮಾನು ಇಳಿಸುವ ಕಟ್ಟೆ, ಹೆದ್ದಾರಿಗೆ ನೇರ ದಾರಿ ಬೇಕು. ಸಮುದ್ರಕ್ಕೆ ಮುಖ ಕೊಟ್ಟ ಕಟ್ಟಡದಲ್ಲಿ ಇವನ್ನು ಹೊಂದಿಸುವುದು ಕಷ್ಟ. ಹಾಗಾಗಿ ಹಳೆಯದು 2001ರಲ್ಲಿ ಆಟ, ಸಂಗೀತಗಳ ಅಂಗಣವಾಗಿ ಉಳಿದುಕೊಂಡಿತು. ಈಗ ಅದಕ್ಕೆ ಮಾಜಿ ಮೇಯರ್ ಜಿಮ್ ವೇಲನ್ ಅವರ ಹೆಸರಿದೆ.

ಆರ್ಗನ್ನಿನ ದುರಸ್ತಿ ಕಂತು ಕಂತಾಗಿ ಸಾಗಿದೆ. ಬೇಸಿಗೆಯ ಕೆಲಸದ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಉಚಿತ ವಾದನ ಇಟ್ಟುಕೊಳ್ಳುವ ಪದ್ಧತಿಯಿದೆ. ಹೊರಡುವ ಮೊದಲು ಅಂದಿನ ವೇಳಾಪಟ್ಟಿ ನೋಡಿಕೊಳ್ಳಿ. ದೊಡ್ಡ ಕಾರ್ಯಕ್ರಮಕ್ಕೆ ವೇದಿಕೆ ಕಟ್ಟುವ ದಿನ ಬಾಗಿಲು ಹಾಕಿರುತ್ತದೆ.