ಆಟಿ ಕಳೆಯಿತು, ಥ್ಯಾಂಕ್ಸ್ ಹೇಳುವುದು ಬಾಕಿ ಇದೆ

ಡಿಸೈನ್, ಫೋಟೋ, ಬೋರ್ಡ್, ವೇಷಭೂಷಣದ ಕೆಲಸ ಮಾಡುವವರು ಸೇರಿ ಕಟ್ಟಿಕೊಂಡ ಸಹಕಾರಿ ಸೊಸೈಟಿ ನಮ್ಮದು. ಕಳೆದ ಭಾನುವಾರ ಅದರ ಮೊದಲ ಮಹಾಸಭೆ ಮುಗಿಯಿತು. ಮಂಗಳೂರಿನ ಬಲ್ಮಠದ ಹತ್ತಿರ ಒಂದು ಸಣ್ಣ ಹಾಲ್, ನಲವತ್ತು ಕುರ್ಚಿ, ಹಿಂದಿನ ಮೇಜಿನ ಮೇಲೆ ಗೋಳಿಬಜೆ, ಚಹಾ. ಜಮಾ-ಖರ್ಚು ಓದಿದ್ದು ನಾನು. ಇಷ್ಟು ವರ್ಷ ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಅಂಗಡಿ ಲೋಗೋ ಡಿಸೈನ್ ಮಾಡಿಕೊಂಡು ಇದ್ದವಳು. ಅಂಕಿ ಅಂದ್ರೆ ನನಗೆ ಫಾಂಟ್ ಸೈಜ್ ಮಾತ್ರ. ಓದುವಾಗ ಎರಡು ಸಲ ತಪ್ಪಿದೆ. ಯಾರೂ ನಗಲಿಲ್ಲ. ಎಲ್ಲರ ಕಿವಿ ಒಂದೇ ಸಾಲಿನ ಮೇಲಿತ್ತು: ಆಟಿಯಲ್ಲಿ (ಕೆಲಸ ಇಲ್ಲದ ಮಳೆಗಾಲದ ತುಳು ತಿಂಗಳು) ಕೊಟ್ಟ ಮುಂಗಡ ಎಷ್ಟು, ವಾಪಸ್ ಬಂದದ್ದು ಎಷ್ಟು. ಒಬ್ಬರದ್ದು ಬಿಟ್ಟು ಎಲ್ಲ ಬಂದಿದೆ. ಆ ಒಬ್ಬರ ವಿಷಯ ಮುಂದೆ ಹೇಳುತ್ತೇನೆ, ಅವರ ತಪ್ಪಿಲ್ಲ.

ಘಟ್ಟದ ಮೇಲಿನ ಗೆಳೆಯರಿಗೆ ಒಂದು ಮಾತು. ನಮ್ಮೂರಲ್ಲಿ ಕೆಲಸದ ವರ್ಷ ಜನವರಿಗೆ ಶುರುವಾಗುವುದಿಲ್ಲ, ದೀಪಾವಳಿ ಹೊತ್ತಿಗೆ ಶುರುವಾಗುತ್ತದೆ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಕಂಬಳ, ಕೋಲ, ಜಾತ್ರೆ, ಮದುವೆ, ಒಂದರ ಹಿಂದೆ ಒಂದು. ಮೇ ಕೊನೆಗೆ ಪತ್ತನಾಜೆ, ಸೀಸನ್ ಮುಗಿಯುವ ದಿನ. ಅವತ್ತು ಗೆಜ್ಜೆ ಬಿಚ್ಚಿದರೆ ಮೇಳವೂ ಮನೆಗೆ, ನಾವೂ ಮನೆಗೆ. ಆಮೇಲೆ ಮಳೆ. ಜುಲೈ ನಡುವಿನಿಂದ ಆಟಿ. ಆಟಿಯಲ್ಲಿ ಶುಭಕಾರ್ಯ ಇಲ್ಲ. ಮದುವೆ ಇಲ್ಲದಿದ್ದರೆ ಫೋಟೋ ಇಲ್ಲ, ಕಾಗದ ಇಲ್ಲ, ಮಂಟಪ ಇಲ್ಲ, ಮೆಹಂದಿ ಇಲ್ಲ. ಅಂಗಡಿ ಬಾಡಿಗೆ, ಕ್ಯಾಮೆರಾದ ಇಎಂಐ, ಮಕ್ಕಳ ಫೀಸ್ ಇದೆ. ಫೀಸಿಗೆ ಆಟಿ ಗೊತ್ತಿಲ್ಲವಲ್ಲ.

ಈ ಸಲ ನಾವು ಆಟಿಯನ್ನು ಒಟ್ಟಿಗೆ ದಾಟಿದೆವು. ಅದಕ್ಕೆ ಈ ಬರಹ.

ಶುರುವಾದದ್ದು ಒಳ್ಳೆಯ ಉದ್ದೇಶದಿಂದ ಏನಲ್ಲ, ಜಗಳದಿಂದ. ಒಂದು ಜವಳಿ ಅಂಗಡಿಯವರು ಹಬ್ಬದ ಜಾಹೀರಾತಿಗೆ ನನ್ನ ಹತ್ತಿರ ರೇಟ್ ಕೇಳಿದರು. ಹೇಳಿದೆ. "ಇನ್ನೊಬ್ಬರು ಕಡಿಮೆಗೆ ಮಾಡ್ತಾರೆ" ಅಂದರು. ಇಳಿಸಿದೆ. ಮತ್ತೆ ಅದೇ ಮಾತು. ಮತ್ತೆ ಇಳಿಸಿದೆ. ಒಂದು ತಿಂಗಳ ನಂತರ ಹಂಪನಕಟ್ಟೆಯ ಹೋಟೆಲಲ್ಲಿ ಇಬ್ಬರು ಡಿಸೈನರ್ ಗೆಳೆಯರ ಜೊತೆ ಕೂತಿದ್ದಾಗ ಮಾತಿಗೆ ಮಾತು ಬಂತು. ಮೂರೂ ಜನ ಮೊಬೈಲ್ ಮೇಜಿನ ಮೇಲೆ ಇಟ್ಟೆವು. ಅದೇ ಅಂಗಡಿ, ಅದೇ ಮೆಸೇಜ್, ಅದೇ ದಿನ. ನನ್ನ ರೇಟನ್ನು ಆ ಇಬ್ಬರಿಗೆ ಹೇಳಿ ಅವರದ್ದು ಇಳಿಸಿದ್ದಾರೆ, ಅವರದ್ದು ಹೇಳಿ ನನ್ನದು. ಕೊನೆಗೆ ಕೆಲಸ ಸಿಕ್ಕಿದ್ದು ನನಗೆ. ಹಾಗಾಗಿ ನಾನು ಮೋಸಹೋದ ಪಾಪದವಳು ಅಂತ ಹೇಳಿಕೊಳ್ಳಲು ಆಗುವುದಿಲ್ಲ. ಅವತ್ತು ಮೂರು ಜನ ತಮ್ಮ ನಿಜವಾದ ರೇಟ್ ಬಾಯಿಬಿಟ್ಟು ಹೇಳಿದೆವು. ಮೈಮೇಲಿನ ಬಟ್ಟೆ ತೆಗೆದಷ್ಟು ನಾಚಿಕೆಯಾಯಿತು. ಆ ಇಬ್ಬರಿಗೆ ಮೊದಲ ಥ್ಯಾಂಕ್ಸ್. ಅವತ್ತಿನ ಚಹಾದ ಬಿಲ್ ಕೊಟ್ಟದ್ದೂ ಅವರೇ.

ಎರಡನೆಯದು, ಮತ್ತು ದೊಡ್ಡದು, ಸೆಕ್ರೆಟ್ರಿ ಮಾಮನಿಗೆ. ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿ ನಿವೃತ್ತರಾದವರು, ನಮ್ಮಲ್ಲಿ ಒಬ್ಬನ ತಂದೆ. ನಾವು ಏನೋ ಹೊಸತು ಕಂಡುಹಿಡಿದ ಹಾಗೆ 'ಕಲೆಕ್ಟಿವ್', 'ಕಮ್ಯುನಿಟಿ' ಅಂತ ಅವರ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದೆವು. ಅವರು ಅಡಿಕೆ ಸುಲಿಯುತ್ತಾ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಕ್ಯಾನ್ ಚಂದ ಉಂಟು ಅಂತ ಹಾಲಿಗೆ ಜಾಸ್ತಿ ಕೊಡ್ತಾರಾ? ಫ್ಯಾಟ್ ನೋಡ್ತಾರೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ನೋಡ್ತಾರೆ. ರೇಟಿನ ಚಾರ್ಟ್ ಗೋಡೆಯಲ್ಲಿ ಇರ್ತದೆ. ನಿಮ್ಮ ಚಾರ್ಟ್ ಎಲ್ಲಿ?"

ನಮ್ಮಲ್ಲಿ ಉತ್ತರ ಇರಲಿಲ್ಲ.

ನಾಚಿಕೆಯ ವಿಷಯ ಏನೆಂದರೆ, ನಾವು ಹುಟ್ಟಿ ಬೆಳೆದದ್ದೇ ಸೊಸೈಟಿಗಳ ಜಿಲ್ಲೆಯಲ್ಲಿ. ಇಲ್ಲಿ ಸಹಕಾರಿ ಚಳವಳಿ ಕಟ್ಟಿದ ಪುತ್ತೂರಿನ ಮೊಳಹಳ್ಳಿ ಶಿವರಾಯರ ಹೆಸರು ಯಾವ ಸಹಕಾರಿಯೂ ಮರೆಯುವುದಿಲ್ಲ. ಅಡಿಕೆ ಧಾರಣೆ ಬಿದ್ದಾಗ ಬೆಳೆಗಾರರು ಸೇರಿ 1973ರಲ್ಲಿ ಇದೇ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಕುಲಶೇಖರದ ಹಾಲು ಒಕ್ಕೂಟದಲ್ಲಿ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯ ಹಾಲಿನ ಸೊಸೈಟಿಗಳಿವೆ. ಕಿನ್ನಿಗೋಳಿ ಕಡೆ ಉಡುಪಿ ಸೀರೆ ನೇಯುವವರಿಗೂ ಸೊಸೈಟಿ ಇದೆ. ಸೀರೆಗೆ ಬಣ್ಣ ಹಾಕುವವರಿಗೆ ಆಗುವುದು ಗೋಡೆಗೆ ಬಣ್ಣ ಹಾಕುವವರಿಗೆ ಯಾಕೆ ಆಗಬಾರದು? ಇದೂ ಮಾಮನದ್ದೇ ಪ್ರಶ್ನೆ.

ಚಾರ್ಟ್ ಮಾಡಲು ನಾಲ್ಕು ತಿಂಗಳು ಹಿಡಿಯಿತು. ಕೆಲಸಕ್ಕೆ ಒಂದು ಕನಿಷ್ಠ ರೇಟ್. ಎರಡು ತಿದ್ದುಪಡಿ ಫ್ರೀ, ಮೂರನೆಯದಕ್ಕೆ ದುಡ್ಡು. ರಾತ್ರಿ ಹತ್ತರ ನಂತರ "ಒಂದು ಸಣ್ಣ ಚೇಂಜ್" ಅಂತ ಬರುವ ಮೆಸೇಜಿಗೆ ಬೇರೆ ರೇಟ್. ಇದಕ್ಕೆ ಜಾಸ್ತಿ ಚಪ್ಪಾಳೆ ಬಿತ್ತು. ಎಲ್ಲರೂ ಒಪ್ಪಿದರು ಅಂತಲ್ಲ. ಮೂರು ಜನ ಬಿಟ್ಟುಹೋದರು. ಅವರಲ್ಲಿ ಒಬ್ಬಳು ನನ್ನ ಕ್ಲಾಸ್‌ಮೇಟ್, ಇವತ್ತಿಗೂ ಮಾತು ಸರಿ ಇಲ್ಲ. ಹೊಸಬರಿಗೆ ಕನಿಷ್ಠ ರೇಟ್ ಇಟ್ಟರೆ ಕೆಲಸವೇ ಸಿಗುವುದಿಲ್ಲ ಅನ್ನುವುದು ಅವಳ ವಾದ. ಪೂರ್ತಿ ಸುಳ್ಳಲ್ಲ ಅದು.

ರಿಜಿಸ್ಟ್ರೇಷನ್ ಫೈಲ್ ಎರಡು ಸಲ ವಾಪಸ್ ಬಂತು. ಬೈಲಾದಲ್ಲಿ ನಾವು ಭಾರೀ ಚಂದವಾಗಿ 'ಸ್ಥಳೀಯ ಸೃಜನಶೀಲ ವೃತ್ತಿಪರರು' ಅಂತ ಬರೆದಿದ್ದೆವು. ಕಚೇರಿಯ ಗುಮಾಸ್ತರು ಕನ್ನಡಕ ಮೇಲೆ ಮಾಡಿ ನೋಡಿದರು. "ಇವರು ಎಂತ ಕೆಲಸ ಮಾಡುವವರು ಮಾರಾಯ್ರೆ?" ಸಿಟ್ಟು ಬಂದದ್ದು ನಿಜ. ಮನೆಗೆ ಬಂದು ಅದನ್ನು ಹೊಡೆದು ಹಾಕಿ ಸುಮ್ನೆ ಕೆಲಸಗಳನ್ನೇ ಬರೆದೆವು: ಬೋರ್ಡ್ ಬರೆಯುವವರು, ಫೋಟೋ ಮತ್ತು ವಿಡಿಯೊ ತೆಗೆಯುವವರು, ಡಿಸೈನ್ ಮಾಡುವವರು, ಮಂಟಪ ಕಟ್ಟುವವರು, ವೇಷಭೂಷಣ ಮಾಡುವವರು, ಬಣ್ಣಗಾರರು. ಬರೆಯುತ್ತಾ ಹೋದ ಹಾಗೆ ಗೊತ್ತಾಯಿತು, ಈ ಪಟ್ಟಿಯ ಅರ್ಧ ಜನರನ್ನು ನಾವು ಇನ್ನೂ ಕರೆದೇ ಇಲ್ಲ. ಲ್ಯಾಪ್‌ಟಾಪ್ ಇದ್ದವರು ಮಾತ್ರ ಸೇರಿದ್ದೆವು. ಹಾಗಾಗಿ ಆ ಗುಮಾಸ್ತರಿಗೂ ಥ್ಯಾಂಕ್ಸ್, ಅವರು ಇದನ್ನು ಓದುತ್ತಾರೋ ಇಲ್ಲವೋ.

ಹಾಗೆ ಬಂದವರಲ್ಲಿ ಒಬ್ಬರು ಬೋರ್ಡ್ ಬರೆಯುವ ಅಣ್ಣ. ಫ್ಲೆಕ್ಸ್ ಬಂದು ಅವರ ಕುಂಚ ಮೂಲೆ ಸೇರಿತ್ತು. 2016ರಲ್ಲಿ ಸರಕಾರ ಫ್ಲೆಕ್ಸ್ ನಿಷೇಧ ಮಾಡಿದರೂ ರಸ್ತೆಯಲ್ಲಿ ಅದು ಎಷ್ಟು ಕಡಿಮೆಯಾಗಿದೆ ಅಂತ ನಿಮಗೇ ಗೊತ್ತು. ಅವರು 'ಶ್ರೀ' ಬರೆಯುವುದನ್ನು ಒಮ್ಮೆ ನೋಡಬೇಕು. ಪೆನ್ಸಿಲ್ ಗೆರೆ ಇಲ್ಲ, ದಾರ ಹಿಡಿಯುವುದಿಲ್ಲ. ಕಿರುಬೆರಳನ್ನು ಗೋಡೆಗೆ ಒತ್ತಿ ಕೈಯನ್ನು ಅದರ ಸುತ್ತ ತಿರುಗಿಸುತ್ತಾರೆ. ನಾನು ಕಂಪ್ಯೂಟರಿನಲ್ಲಿ ಅರ್ಧ ಗಂಟೆ ಎಳೆದಾಡಿದರೂ ಆ ತಿರುವು ಬರುವುದಿಲ್ಲ.

ಇನ್ನೊಬ್ಬರು ಉಡುಪಿಯ ಅಕ್ಕ. ಯಕ್ಷಗಾನದ ಕಿರೀಟ, ಭುಜಕೀರ್ತಿಗೆ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸುವ ಕೆಲಸ ಅವರದ್ದು. ಪ್ರತಿ ಮೀಟಿಂಗಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಬರುತ್ತಾರೆ, ಉಗುರಿನ ಸಂದಿಯಲ್ಲಿ ಅಂಟು ಇರುತ್ತದೆ. ಆಟಿ ಮುಂಗಡದ ಯೋಚನೆ ಬಂದದ್ದು ಅವರಿಂದ. ಮೇಳದ ಯಜಮಾನರು ಮಳೆಗಾಲದಲ್ಲಿ ಕಲಾವಿದರಿಗೆ ಮುಂದಿನ ತಿರುಗಾಟದ ಮುಂಗಡ ಕೊಡುವುದು ಹಳೆಯ ರೂಢಿ. ಅದರಿಂದ ಮಳೆಗಾಲ ಕಳೆಯುತ್ತದೆ, ಆದರೆ ಮುಂಗಡ ತಗೊಂಡವ ಆ ಮೇಳ ಬಿಡುವ ಹಾಗಿಲ್ಲ. ಅಕ್ಕ ಅಂದರು, "ಮುಂಗಡ ಕೊಟ್ಟವ ಯಜಮಾನ ಆಗ್ತಾನೆ. ನಾವೇ ನಮಗೆ ಕೊಟ್ಟುಕೊಂಡ್ರೆ?"

ಅಷ್ಟೇ ಮಾಡಿದ್ದು. ದೀಪಾವಳಿಯಿಂದ ಪತ್ತನಾಜೆಯವರೆಗೆ, ಸೊಸೈಟಿ ಮೂಲಕ ಬಂದ ಪ್ರತಿ ಕೆಲಸದಿಂದ ನೂರಕ್ಕೆ ಐದು ರೂಪಾಯಿ ಬೇರೆ ಖಾತೆಗೆ. ಆಟಿಯಲ್ಲಿ ಬೇಕಾದವರಿಗೆ ಅದರಿಂದ ಮುಂಗಡ. ಬಡ್ಡಿ ಇಲ್ಲ. ಯಾರಿಗೆ ಎಷ್ಟು ಅಂತ ಮಹಾಸಭೆಯಲ್ಲಿ ಹೆಸರು ಹೇಳಿ ಓದುವುದು. ಹೆಸರು ಓದುವುದು ಬೇಡ ಅಂತ ನಾನೇ ಹಠ ಹಿಡಿದಿದ್ದೆ. ವೋಟಿಗೆ ಹಾಕಿದರು, ಸೋತೆ. ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ವೋಟು ತಾನೇ. ಭಾನುವಾರ ಓದುವಾಗ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಓದಿದೆ. ಏನೂ ಆಗಲಿಲ್ಲ, ಮುಂದಿನ ಹೆಸರಿಗೆ ಹೋದೆ.

ಒಂದು ಶನಿವಾರ ಬಂದು ಕಾನೂನು ಹೇಳಿಕೊಟ್ಟ ವಕೀಲೆ ಮೇಡಂಗೆ ಥ್ಯಾಂಕ್ಸ್. ಅವತ್ತು ನಮ್ಮ ಫೋಟೋಗ್ರಾಫರ್‌ಗಳ ಮುಖ ನೋಡಬೇಕಿತ್ತು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವನದ್ದೇ. ತೆಗೆದವನದ್ದಲ್ಲ. ಹತ್ತು ವರ್ಷದಿಂದ ಮೂಲೆಯಲ್ಲಿ ವಾಟರ್‌ಮಾರ್ಕ್ ಹಾಕಿಕೊಂಡು ಧೈರ್ಯವಾಗಿದ್ದವರು ಸುಮ್ಮನಾದರು. ಈಗ ಪ್ರತಿ ಕೆಲಸಕ್ಕೂ ಒಂದು ಪುಟದ ಕರಾರು ಇದೆ, ಕನ್ನಡದಲ್ಲಿ. ಸಣ್ಣ ಉದ್ಯಮ ಅಂತ ನೋಂದಣಿ ಮಾಡಿಸಿಕೊಂಡವರಿಗೆ 45 ದಿನದೊಳಗೆ ಬಿಲ್ ಪಾವತಿ ಆಗಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಅನ್ನುವ 2006ರ ಕಾಯ್ದೆಯನ್ನೂ ಅವರೇ ತೋರಿಸಿಕೊಟ್ಟರು. ಅದನ್ನು ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರಿಂಟ್ ಮಾಡಿದ್ದೇವೆ. ಬಡ್ಡಿ ಯಾರಿಂದಲೂ ವಸೂಲಿ ಮಾಡಿಲ್ಲ. ಆದರೆ ಬಿಲ್ ಬೇಗ ಪಾಸಾಗುತ್ತಿದೆ.

ಈಗ ಬಾಕಿ ಇರುವ ಆ ಒಬ್ಬರು. ಪಿಲಿವೇಷಕ್ಕೆ, ಅಂದರೆ ಹುಲಿವೇಷಕ್ಕೆ, ಬಣ್ಣ ಹಾಕುವವರು. ಅವರ ಸೀಸನ್ ಬರುವುದೇ ನವರಾತ್ರಿಗೆ, ನಮ್ಮ ಮಹಾಸಭೆ ಅದಕ್ಕಿಂತ ಮೊದಲು. ಲೆಕ್ಕದಲ್ಲಿ 'ಸುಸ್ತಿ' (ಅವಧಿ ಮೀರಿದ ಬಾಕಿ) ಅಂತ ಬರೆಯಬೇಕಾಯಿತು. ಸಭೆಯಲ್ಲಿ ಅವರೇ ಎದ್ದು ನಿಂತು ಹೇಳಿದರು, "ಹುಲಿ ಕುಣಿದ ಮೇಲೆ ಕೊಡ್ತೇನೆ." ಹಾಲ್ ಪೂರ್ತಿ ನಗು. ಅವರ ಅವಧಿಯನ್ನು ವಿಜಯದಶಮಿಯವರೆಗೆ ಮುಂದೂಡಿ ಅಲ್ಲೇ ಠರಾವು ಆಯಿತು. ಮುಂದಿನ ವರ್ಷಕ್ಕೆ ಬೈಲಾ ತಿದ್ದಬೇಕು.

ಹಾಲ್ ಅರ್ಧ ಬಾಡಿಗೆಗೆ ಕೊಟ್ಟವರಿಗೆ, ರಸೀದಿ ಪುಸ್ತಕವನ್ನು ಕಾಗದದ ಖರ್ಚಿಗೆ ಮಾತ್ರ ಪ್ರಿಂಟ್ ಮಾಡಿಕೊಟ್ಟ ಪ್ರೆಸ್ಸಿನವರಿಗೆ, ಭಾನುವಾರಗಳನ್ನೆಲ್ಲ ಮೀಟಿಂಗಿಗೆ ಬಿಟ್ಟುಕೊಟ್ಟ ನಮ್ಮ ಮನೆಯವರಿಗೆ, ಮುಖ್ಯವಾಗಿ ಚಾರ್ಟ್ ನೋಡಿ ಚೌಕಾಸಿ ಮಾಡದೆ ದುಡ್ಡು ಕೊಟ್ಟ ಗಿರಾಕಿಗಳಿಗೆ, ಎಲ್ಲರಿಗೂ ಥ್ಯಾಂಕ್ಸ್.

ಹಾಂ, ಸಭೆಗೆ ಬಂದು ಗೋಳಿಬಜೆ ತಿಂದು ಹಾಜರಿ ಪುಸ್ತಕಕ್ಕೆ ಸಹಿ ಹಾಕದೆ ಹೋದವರು ನಾಲ್ಕು ಜನ ಇದ್ದೀರಿ. ಪುಸ್ತಕ ನನ್ನ ಹತ್ತಿರ ಇದೆ. ಈ ವಾರ ಬಂದು ಹಾಕಿ ಹೋಗಿ, ಸೆಕ್ರೆಟ್ರಿ ಮಾಮ ದಿನಾ ಫೋನ್ ಮಾಡ್ತಿದ್ದಾರೆ.