ನಾಲ್ಕು ಶಾಲೆಗಳ ಕಲಾ ಉತ್ಸವ: ಮಿಶ್ರ ತಂಡಗಳ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ.

ಜನವರಿಯ ಮೂರನೇ ಶನಿವಾರ ನಡೆಯುವ ಕಲಾ ಉತ್ಸವದ ಸುತ್ತೋಲೆ ನಿಮ್ಮ ಕೈ ಸೇರಿದ ಮೇಲೆ ಹಲವರು ಫೋನ್ ಮಾಡಿದ್ದೀರಿ. ಕೆಲವರು ಗೇಟಿನ ಹತ್ತಿರ ಕ್ಲಾಸ್ ಟೀಚರನ್ನು ನಿಲ್ಲಿಸಿ ಕೇಳಿದ್ದೀರಿ. ಏಳು ಮತ್ತು ಎಂಟನೇ ತರಗತಿಯ ಪೋಷಕರು ಸೇರಿ ಸಹಿ ಹಾಕಿದ ಪತ್ರವೂ ನನ್ನ ಮೇಜಿಗೆ ಬಂದಿದೆ. ಅದನ್ನು ನಿಧಾನವಾಗಿ ಓದಿದೆ. ಅದರಲ್ಲಿ ಸಿಟ್ಟಿಗಿಂತ ಬೇಸರವೇ ಜಾಸ್ತಿ ಕಂಡಿತು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೋಗುವುದು ಬೇಡ ಎಂದು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ನಿಮ್ಮ ಮಾತು ಇಷ್ಟು. ಈ ವರ್ಷ ಶಾಲೆಗೊಂದು ಐಟಂ ಅಂತ ಇಲ್ಲ. ನಮ್ಮ ಕನ್ನಡ ಶಾಲೆಯ ಮಕ್ಕಳು, ಮರಾಠಿ ಮತ್ತು ಉರ್ದು ಮಾಧ್ಯಮ ಶಾಲೆಗಳ ಮಕ್ಕಳು, ಮುಂಬಯಿ ಪಾಲಿಕೆಯ ಹಿಂದಿ ಶಾಲೆಯ ಮಕ್ಕಳು ಬೆರೆತು ತಂಡಗಳಾಗಿದ್ದಾರೆ. ಯಕ್ಷಗಾನ ನಮ್ಮ ಶಾಲೆಯ ಹೆಮ್ಮೆ. ಅದರಲ್ಲಿ ಅಭಿಮನ್ಯುವಿನ ವೇಷ ಮರಾಠಿ ಶಾಲೆಯ ಹುಡುಗನಿಗೆ ಹೋಗಿದೆ. ನಮ್ಮ ಮಕ್ಕಳಲ್ಲಿ ಕೆಲವರು ಹಿಮ್ಮೇಳಕ್ಕೆ, ಕೆಲವರು ಸೈನ್ಯಕ್ಕೆ, ಕೆಲವರು ಚಿತ್ರದ ಗುಂಪಿಗೆ. ಇದರ ಮೇಲೆ ಬಹುಮಾನವೂ ಇಲ್ಲ. ‘ನಮ್ಮದನ್ನು ನಾವೇ ಬಿಟ್ಟುಕೊಟ್ಟ ಹಾಗಾಯ್ತಲ್ವಾ?’ ಎಂದು ಕೇಳಿದ್ದೀರಿ.

ಓದಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಹತ್ತನೆಯವರು ಇದರಲ್ಲಿಲ್ಲ. ಅಭ್ಯಾಸ ಶನಿವಾರ ಮಾತ್ರ, ಶಾಲೆ ಬಿಟ್ಟ ಮೇಲೆ. ಭಾನುವಾರ ಇಡಿ ಎಂದು ಕೆಲವರು ಕೇಳಿದ್ದೀರಿ. ಹಳಿ ರಿಪೇರಿಗೆಂದು ರೈಲುಗಳನ್ನು ಕಡಿಮೆ ಮಾಡುವ ಮೆಗಾಬ್ಲಾಕ್ ಇರುವ ದಿನ ಮಕ್ಕಳನ್ನು ಲೋಕಲ್ ರೈಲಿನಲ್ಲಿ ಕರೆದುಕೊಂಡು ಹೋಗುವ ಧೈರ್ಯ ನನಗಿಲ್ಲ. ಡ್ರಾಯಿಂಗ್‌ನ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗಳ ತಯಾರಿ ಎಂದಿನಂತೆ ನಡೆಯುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಬೇರೆ ಶಾಲೆಗೆ ಹೋಗುವಾಗ, ಬರುವಾಗ ನಮ್ಮ ಇಬ್ಬರು ಟೀಚರ್ ಜೊತೆಗಿರುತ್ತಾರೆ.

ಈಗ ಮುಖ್ಯ ಮಾತಿಗೆ ಬರೋಣ. ಯಕ್ಷಗಾನ ನಮ್ಮದು ಎನ್ನುವುದರಲ್ಲಿ ನನಗೆ ಸಂಶಯವೇ ಇಲ್ಲ. ಊರಿನಲ್ಲಿ ಮೇ ಕೊನೆಯ ಪತ್ತನಾಜೆ ಕಳೆದು, ಆಟದ ಋತು ಮುಗಿದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಎಷ್ಟೋ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬಂದು ಆಟ ಆಡುತ್ತಾರೆ. ಕೆಲಸ ಮುಗಿಸಿ ಬಂದವರು ದಣಿವು ಮರೆತು ಮಧ್ಯರಾತ್ರಿಯವರೆಗೆ ಕೂತು ನೋಡುತ್ತಾರೆ. ಆ ಪ್ರೀತಿ ಇದ್ದುದರಿಂದಲೇ ನಮ್ಮ ಶಾಲೆಗೆ ಯಕ್ಷಗಾನ ಬಂತು. ಆದರೆ ನಮ್ಮ ಶಾಲೆಯ ಮಕ್ಕಳೆಲ್ಲ ಕರಾವಳಿಯ ಮನೆಗಳಿಂದ ಬಂದವರಾ? ಅಲ್ಲ. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಇಲ್ಲಿದ್ದಾರೆ. ಆ ಮನೆಗಳ ಹಿರಿಯರು ದೊಡ್ಡಾಟ ನೋಡಿ ಬೆಳೆದವರು. ಚಂಡೆಯ ಸದ್ದನ್ನು ಅವರ ಮಕ್ಕಳು ಮೊದಲು ಕೇಳಿದ್ದು ನಮ್ಮ ಶಾಲೆಯ ಅಂಗಳದಲ್ಲಿ. ಇವತ್ತು ನಮ್ಮ ತಂಡದಲ್ಲಿ ಅತ್ಯಂತ ಗಟ್ಟಿಯಾಗಿ ಹೆಜ್ಜೆ ಹಾಕುವ ಹುಡುಗಿಯ ಮನೆ ಮಾತು ಕಲಬುರಗಿಯದು. ಅವಳಿಗೆ ಗೆಜ್ಜೆ ಕಟ್ಟಿದ ದಿನ ‘ಇದು ಕರಾವಳಿಯವರದು, ನಿನಗ್ಯಾಕೆ’ ಎಂದು ಒಬ್ಬರೂ ಕೇಳಲಿಲ್ಲ. ಕೇಳದೇ ಇದ್ದದ್ದು ನಿಮ್ಮ ದೊಡ್ಡ ಮನಸ್ಸು. ಆ ಮನಸ್ಸು ಪಕ್ಕದ ರಸ್ತೆಯ ಶಾಲೆಯ ಮಗುವಿಗೂ ಸಿಗಲಿ ಎನ್ನುವುದು ನನ್ನ ಆಸೆ.

ವೇಷ ಹಂಚಿದ್ದು ಹೇಗೆ ಎಂದೂ ಹೇಳಬೇಕು, ಯಾಕೆಂದರೆ ಇದರ ಬಗ್ಗೆ ಇಲ್ಲದ ಮಾತುಗಳು ಹರಡಿವೆ. ಯಕ್ಷಗಾನದ ಗುರುಗಳು ಹೊರಗಿನವರು. ನಾಲ್ಕೂ ಶಾಲೆಗಳಿಂದ ಹೆಸರು ಕೊಟ್ಟ ಎಲ್ಲ ಮಕ್ಕಳಿಗೂ ಅವರು ಒಂದೇ ಹೆಜ್ಜೆ ಹೇಳಿಕೊಟ್ಟು, ಒಂದೇ ಮಾತು ಹೇಳಿಸಿ ನೋಡಿದರು. ಯಾವ ಮಗು ಯಾವ ಶಾಲೆಯದು ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅಭಿಮನ್ಯುವಿನ ವೇಷ ಸಿಕ್ಕ ಆ ಹುಡುಗ ಮೊದಲ ದಿನವೇ ತಾಳ ಹಿಡಿದ. ಅವನ ಕನ್ನಡ ಮಾತು ಇನ್ನೂ ತಿದ್ದಬೇಕು. ಆ ತಿದ್ದುವ ಕೆಲಸ ನಮ್ಮ ಮಕ್ಕಳದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅವನಿಗೆ ಅಭಿಮನ್ಯುವಿನ ಮಾತು ಕಲಿಸಲು ಕೂತ ನಮ್ಮ ಮಕ್ಕಳಿಗೆ ಅವನು ಒಂದೊಂದು ಸಾಲಿಗೂ ಅರ್ಥ ಕೇಳಿದ. ಬಾಯಿಪಾಠ ಮಾಡಿ ಸರಾಗವಾಗಿ ಒಪ್ಪಿಸುತ್ತಿದ್ದ ಮಕ್ಕಳು ತಡವರಿಸಿದರು. ಕೆಲವರು ಮನೆಗೆ ಹೋಗಿ ಅಜ್ಜಿಯನ್ನು ಕೇಳಿದರಂತೆ. ಒಬ್ಬಳು ಊರಿಗೆ ಫೋನ್ ಮಾಡಿ ದೊಡ್ಡಪ್ಪನನ್ನು ಕೇಳಿ ಬರೆದುಕೊಂಡು ಬಂದಳು. ಕನ್ನಡ ಶಾಲೆಯಲ್ಲಿ ಇಷ್ಟು ವರ್ಷ ನಾವು ಹೇಳಿದರೂ ಆಗದ ಕೆಲಸ ಇದು. ಕನ್ನಡ ಗೊತ್ತಿಲ್ಲದ ಹುಡುಗನೊಬ್ಬ ಕನ್ನಡ ಕಲಿಯಲು ಕೂತಾಗ ನಮ್ಮ ಮಕ್ಕಳು ಕನ್ನಡವನ್ನು ಹುಡುಕಿಕೊಂಡು ಹೋದರು. ನಮ್ಮ ಭಾಷೆ ಕಳೆದುಹೋಗುತ್ತದೆ ಎಂದು ಬರೆದಿದ್ದೀರಿ. ನನಗೆ ಕಂಡದ್ದು ಇದು.

‘ನನ್ನ ಮಗ ಬರೀ ಚಂಡೆ ಬಾರಿಸೋದಾ?’ ಎಂದು ಒಬ್ಬ ತಾಯಿ ಕೇಳಿದರು. ಯಕ್ಷಗಾನ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ಭಾಗವತರ ಪದ, ಮದ್ದಳೆ, ಚಂಡೆ ಇಲ್ಲದೆ ತಲೆಗೆ ಕೇದಗೆ ಮುಂದಲೆ ಕಟ್ಟಿದ ಯಾವ ವೇಷವೂ ಒಂದು ಹೆಜ್ಜೆ ಮುಂದಿಡುವುದಿಲ್ಲ. ನಿಮ್ಮ ಮಗ ಆಟದ ಮೊದಲಿನಿಂದ ಕೊನೆಯವರೆಗೂ ರಂಗದ ಮೇಲಿರುತ್ತಾನೆ. ವೇಷಧಾರಿಗಳು ಬಂದು ಹೋಗುತ್ತಾರೆ.

ಚಿತ್ರದ ಗುಂಪಿಗೆ ಹೋದ ಮಕ್ಕಳ ಪೋಷಕರಿಗೆ ಬೇಸರ ಇನ್ನೂ ಹೆಚ್ಚು ಇದ್ದಂತಿದೆ. ‘ಸ್ಟೇಜ್ ಸಿಗದವರನ್ನು ಅಲ್ಲಿಗೆ ಹಾಕಿದ್ದೀರಿ’ ಎಂಬ ಮಾತು ಪತ್ರದಲ್ಲಿದೆ. ಹಾಗಲ್ಲ. ದಯವಿಟ್ಟು ಯಾವುದಾದರೂ ಶನಿವಾರ ಬಂದು ನೋಡಿ. ಸಭಾಂಗಣದ ಎರಡೂ ಗೋಡೆಗೆ ತೂಗುವಷ್ಟು ಉದ್ದದ ಬಟ್ಟೆಗೆ ಕೆಮ್ಮಣ್ಣಿನ ಬಣ್ಣ ಬಳಿದಿದ್ದಾರೆ. ಒಂದು ಗೋಡೆಗೆ ವಾರ್ಲಿ ಚಿತ್ರ, ಇನ್ನೊಂದಕ್ಕೆ ನಮ್ಮ ಮಲೆನಾಡಿನ ಹಸೆ ಚಿತ್ತಾರ. ವಾರ್ಲಿ ಬೇರೆಲ್ಲಿಯದೋ ಅಲ್ಲ. ನಮ್ಮ ವೆಸ್ಟರ್ನ್ ಲೈನ್ ಹಿಡಿದು ವಿರಾರ್ ದಾಟಿ ಹೋದರೆ ಡಹಾಣು, ತಲಾಸರಿ. ಆ ಕಡೆಯ ಆದಿವಾಸಿಗಳ ಮನೆಗೋಡೆಯ ಚಿತ್ರ ಅದು. ಚಿತ್ತಾರ ಸಾಗರದ ಕಡೆಯ ದೀವರು ಸಮುದಾಯದ ಹೆಣ್ಣುಮಕ್ಕಳದು. ಮರಾಠಿ ಶಾಲೆಯ ಡ್ರಾಯಿಂಗ್ ಟೀಚರ್ ವಾರ್ಲಿ ಹೇಳಿಕೊಡುತ್ತಿದ್ದಾಗ ನಮ್ಮ ಮಕ್ಕಳೇ ಗಮನಿಸಿದರು, ಎರಡಕ್ಕೂ ನೆಲ ಕೆಮ್ಮಣ್ಣು, ಎರಡಕ್ಕೂ ಬಿಳಿ ಬಣ್ಣ ಅಕ್ಕಿ ಹಿಟ್ಟು. ಎರಡೂ ಮದುವೆ ಮನೆಯಲ್ಲಿ ಹೆಂಗಸರು ಗೋಡೆಗೆ ಬರೆಯುತ್ತ ಬಂದದ್ದು. ಅಲ್ಲಿ ಬಿದಿರ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡುತ್ತಾರೆ, ಇಲ್ಲಿ ಪುಂಡಿ ನಾರು. ವಾರ್ಲಿ ಚಿತ್ರವನ್ನು ಗೋಡೆಯಿಂದ ಕಾಗದಕ್ಕೆ ತಂದು ಲೋಕಕ್ಕೆ ತೋರಿಸಿದ ಜಿವ್ಯಾ ಸೋಮಾ ಮಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. ಈ ಮಕ್ಕಳು ಮಾಡುತ್ತಿರುವುದು ಉಳಿದವರಿಗೆ ಕೊಟ್ಟ ಕೆಲಸ ಅಲ್ಲ.

ಅಷ್ಟೇ ಅಲ್ಲ, ರಂಗದ ಮೇಲಿನ ಒಂದು ದೃಶ್ಯ ಹುಟ್ಟಿದ್ದೇ ಈ ಗುಂಪಿನಲ್ಲಿ. ವಾರ್ಲಿ ಚಿತ್ರದಲ್ಲಿ ತಾರ್ಪಾ ಎಂಬ ವಾದ್ಯ ಊದುವವನ ಸುತ್ತ ಜನ ಕೈಕೈ ಹಿಡಿದು ಸುರುಳಿ ಸುರುಳಿಯಾಗಿ ಕುಣಿಯುವುದನ್ನು ನೀವು ನೋಡಿರಬಹುದು. ಅದನ್ನು ಬರೆಯುತ್ತಿದ್ದ ಹುಡುಗಿಯೊಬ್ಬಳು ‘ಟೀಚರ್, ಇದು ಚಕ್ರವ್ಯೂಹದ ಹಾಗೇ ಇದೆಯಲ್ವಾ?’ ಎಂದಳು. ಗುರುಗಳು ಒಪ್ಪಿದರು. ಈಗ ಅಭಿಮನ್ಯು ಒಳಗೆ ನುಗ್ಗುವ ಚಕ್ರವ್ಯೂಹವನ್ನು ನಾಲ್ಕೂ ಶಾಲೆಗಳ ಮಕ್ಕಳು ಆ ಸುರುಳಿಯಲ್ಲೇ ಕಟ್ಟುತ್ತಾರೆ, ಕೈಯಲ್ಲಿ ಝಣಝಣ ಸದ್ದಿನ ಲೇಜಿಮ್ ಹಿಡಿದು. ಚಂಡೆ ಮತ್ತು ಲೇಜಿಮ್ ಒಂದೇ ಲಯಕ್ಕೆ ಬಂದ ಸಂಜೆ ನಾನು ಅಲ್ಲಿದ್ದೆ. ಬಹಳ ಸಂತೋಷವಾಯಿತು.

ಇದು ಶುದ್ಧ ಯಕ್ಷಗಾನವಲ್ಲ ಎನ್ನುವವರಿಗೆ ನನ್ನ ಗೌರವವಿದೆ. ಸಂಪ್ರದಾಯದ ಆಟ ನಮಗೆ ಬೇಕೇ ಬೇಕು. ಅದಕ್ಕೆ ಫೆಬ್ರವರಿಯಲ್ಲಿ ನಮ್ಮದೇ ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ ಇದೆ. ಅಲ್ಲಿ ಒಡ್ಡೋಲಗದಿಂದ ಮಂಗಳದವರೆಗೆ ಪೂರ್ತಿ ಆಟ ನಮ್ಮ ಮಕ್ಕಳದೇ. ಅದರಲ್ಲಿ ಏನೂ ಬದಲಾಗಿಲ್ಲ, ಬದಲಾಗುವುದೂ ಇಲ್ಲ.

ಉರ್ದು ಶಾಲೆಯ ಜೊತೆ ಯಾಕೆ ಎಂದು ಇಬ್ಬರು ಮೆಲ್ಲಗೆ ಕೇಳಿದ್ದೀರಿ. ಅಲ್ಲಿನ ಹುಡುಗಿಯರು ಓರೆಯಾಗಿ ಕತ್ತರಿಸಿದ ಕಲಮ್ ಹಿಡಿದು ಅಕ್ಷರ ಬರೆಯುವುದನ್ನು ನೋಡಲು ನಮ್ಮ ಮಕ್ಕಳು ಊಟ ಬಿಟ್ಟು ನಿಲ್ಲುತ್ತಾರೆ. ಅದೇ ಕಲಮಿನಲ್ಲಿ ನಮ್ಮ ದುಂಡು ಅಕ್ಷರ ತಿರುಗಿಸುವುದು ಕಷ್ಟ. ಆದರೂ ಬಿಡದೆ ಬರೆಯುತ್ತಿದ್ದಾರೆ. ಉತ್ಸವದ ಬಾಗಿಲಿನ ಫಲಕ ನಾಲ್ಕೂ ಭಾಷೆಗಳಲ್ಲಿ ಅವರ ಕೈಯಲ್ಲೇ ಆಗುತ್ತಿದೆ. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಇಂಥ ಊರಿನಲ್ಲಿ ಬೆಳೆಯುವ ಮಕ್ಕಳು ಪಕ್ಕದ ಶಾಲೆಯ ಒಳಗೆ ಒಮ್ಮೆಯೂ ಕಾಲಿಡದೆ ಹತ್ತನೇ ಕ್ಲಾಸ್ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಬಹುಮಾನ. ಸ್ಪರ್ಧೆಗಳಿಗೆ ನಾವು ಹೋಗುತ್ತಿದ್ದದ್ದು ಹೇಗೆ ಎಂದು ನಿಮಗೂ ಗೊತ್ತು. ನಮ್ಮ ಸರದಿ ಬರುವವರೆಗೆ ಮಕ್ಕಳು ಮೇಕಪ್ ಹಾಕಿಕೊಂಡು ಕಾರಿಡಾರಿನಲ್ಲಿ ಕೂರುವುದು. ಎಂಟು ನಿಮಿಷ ಆಡುವುದು. ಮತ್ತೆ ರಿಸಲ್ಟ್‌ಗೆ ಕಾಯುವುದು. ಬೇರೆ ಶಾಲೆಯವರು ಏನು ಮಾಡಿದರು ಎಂದು ಸರಿಯಾಗಿ ನೋಡಿದ್ದೇ ಇಲ್ಲ. ನೋಡಿದರೂ ಅವರು ಎಲ್ಲಿ ತಪ್ಪುತ್ತಾರೆ ಎಂದು ನೋಡಿದ್ದು. ಕಾಲಾ ಘೋಡಾ ಉತ್ಸವಕ್ಕೆ ನಿಮ್ಮಲ್ಲಿ ಹಲವರು ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಿ. 1999ರಲ್ಲಿ ಶುರುವಾದ ಆ ಉತ್ಸವದಲ್ಲಿ ನೃತ್ಯ, ನಾಟಕ, ಚಿತ್ರ, ಶಿಲ್ಪ ಎಲ್ಲ ಅಕ್ಕಪಕ್ಕದಲ್ಲೇ ಇರುತ್ತವೆ. ಅಲ್ಲಿ ಯಾರು ಫಸ್ಟ್ ಬಂದರು ಎಂದು ಕೇಳಿಕೊಂಡು ನೀವು ಮನೆಗೆ ಬರುವುದಿಲ್ಲ. ಸ್ಪರ್ಧೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ವರ್ಷದಲ್ಲಿ ಬೇಕಾದಷ್ಟು ಸ್ಪರ್ಧೆಗಳಿವೆ, ನಮ್ಮ ಮಕ್ಕಳು ಹೋಗುತ್ತಾರೆ, ಗೆಲ್ಲುತ್ತಾರೆ. ಈ ಒಂದು ದಿನ ಅದು ಬೇಡ. ಭಾಗವಹಿಸಿದ ಪ್ರತಿ ಮಗುವಿಗೂ ಪ್ರಮಾಣಪತ್ರ ಇದೆ, ಮಾಡಿದ ಕೆಲಸದ ಹೆಸರಿನ ಜೊತೆಗೆ.

ಕಲೆಯ ಒಂದು ಬಗೆ ಮೇಲು, ಇನ್ನೊಂದು ಕೀಳು ಎಂದು ಮಕ್ಕಳು ಅಂದುಕೊಳ್ಳದಿರಲಿ ಎನ್ನುವುದೂ ನನ್ನ ಕಾಳಜಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದ ಕೆ. ಕೆ. ಹೆಬ್ಬಾರರು ಇದೇ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿ ದೊಡ್ಡ ಚಿತ್ರಕಾರರಾದರು. ಗೆರೆಯಲ್ಲಿ ಲಯ ತರಬೇಕೆಂದು ಅವರು ಕಥಕ್ ಕಲಿತರು. ಚಿತ್ರ ಬರೆಯುವ ಮಗು ಕುಣಿತದ ಅಭ್ಯಾಸ ನೋಡುತ್ತ ಕೂರುವುದು, ಕುಣಿಯುವ ಮಗು ಬಣ್ಣದ ಬಟ್ಟಲು ಹಿಡಿಯುವುದು ಸುಮ್ನೆ ಹೊತ್ತು ಕಳೆಯುವುದಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಹಂಚಿದ ವೇಷಗಳು ಬದಲಾಗುವುದಿಲ್ಲ. ಒಬ್ಬ ಹುಡುಗನಿಗೆ ‘ನೀನು ಅಭಿಮನ್ಯು’ ಎಂದು ಹೇಳಿ, ಅವನು ವಾರಗಟ್ಟಲೆ ಬೆವರು ಸುರಿಸಿದ ಮೇಲೆ ‘ನೀನು ಆ ಶಾಲೆಯವನು, ಬಿಡು’ ಎನ್ನಲು ನನ್ನಿಂದಾಗದು. ನಿಮ್ಮ ಮಗುವಿಗೆ ಹಾಗೆ ಯಾರಾದರೂ ಅಂದರೆ ನಿಮ್ಮ ಪರವಾಗಿ ಜಗಳಕ್ಕೆ ನಾನೇ ಮೊದಲು ಹೋಗುತ್ತೇನೆ.

ಪತ್ರಕ್ಕೆ ಸಹಿ ಹಾಕಿದವರ ಬಗ್ಗೆ ನನಗೆ ಯಾವ ಕೋಪವೂ ಇಲ್ಲ. ಹೆಚ್ಚಿನವರನ್ನು ವರ್ಷಗಳಿಂದ ಬಲ್ಲೆ. ಕೆಲವರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರ ಮಕ್ಕಳು. ಮಕ್ಕಳು ರಂಗದ ನಡುವೆ ನಿಲ್ಲಬೇಕು ಎಂಬ ಆಸೆ ನಿಮಗೆ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಇನ್ನೂ ಮಾತಾಡಬೇಕು ಅನ್ನಿಸಿದರೆ ಯಾವ ದಿನವಾದರೂ ಮಧ್ಯಾಹ್ನದ ಮೇಲೆ ನನ್ನ ಕೋಣೆಗೆ ಬನ್ನಿ. ಮಕ್ಕಳ ಎದುರು ಮಾತ್ರ ‘ಅವರು, ನಾವು’ ಎನ್ನುವ ಮಾತು ಬೇಡ. ಅಭ್ಯಾಸದಲ್ಲಿ ಅದು ಮಕ್ಕಳ ಬಾಯಲ್ಲಿ ಬರತೊಡಗಿದೆ. ಕೇಳಿ ನೋವಾಯಿತು.

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಈ ಶುಕ್ರವಾರದೊಳಗೆ ಕ್ಲಾಸ್ ಟೀಚರ್ ಕೈಗೆ ತಲುಪಿಸಿ.

ನಿಮ್ಮ ವಿಶ್ವಾಸದ,
ಮುಖ್ಯೋಪಾಧ್ಯಾಯಿನಿ

ವಿ. ಸೂ.: ವೇಷ ಇರುವ ಮಕ್ಕಳ ಜೊತೆ ಒಂದು ಹಳೆಯ ಟವೆಲ್, ಬಣ್ಣ ತೆಗೆಯಲು ಸಣ್ಣ ಬಾಟಲಿಯಲ್ಲಿ ತೆಂಗಿನೆಣ್ಣೆ ಕಳಿಸಿ. ಬಣ್ಣ ಹಚ್ಚಿದರೆ ಚರ್ಮ ತುರಿಸುವ ಮಕ್ಕಳಿದ್ದರೆ ಚೀಟಿಯ ಹಿಂದೆ ಬರೆದು ತಿಳಿಸಿ. ಆ ದಿನ ಸಭಾಂಗಣದಲ್ಲಿ ಒಂದು ಮನೆಗೆ ಇಬ್ಬರಿಗೆ ಮಾತ್ರ ಜಾಗ. ಅಜ್ಜ ಅಜ್ಜಿಯರು ಬರುವುದಾದರೆ ಮುಂಚೆಯೇ ಹೇಳಿ, ಮುಂದಿನ ಸಾಲಿನಲ್ಲಿ ಕುರ್ಚಿ ಇಡಿಸುತ್ತೇವೆ.