ನನ್ನ ಭಾನುವಾರ ನನಗಿರಲಿ

ಚಿನ್ನಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಭಾನುವಾರವೂ ಕೆಲಸ ಮಾಡಿದರೆ ಒಂದು ದಿನದ ಸಂಬಳ ಜಾಸ್ತಿ ಸಿಗುತ್ತಂತೆ, ಯಾಕಮ್ಮ ಬಿಡ್ತೀಯ?" ಅಂತ. ಆಗ ನಾನು ನೋಡಿಕೊಳ್ಳುವ ಪಾಪು ಎದ್ದುಬಿಟ್ಟಿತು, ಸರಿಯಾಗಿ ಮಾತಾಡಲು ಆಗಲಿಲ್ಲ. ಇವತ್ತು ಕೂತು ಬರೆಯುತ್ತಿದ್ದೇನೆ.

ದುಡ್ಡು ಸಿಗುವುದು ನಿಜ. ಮನೆಕೆಲಸಕ್ಕೆ ಬಂದವರಿಗೆ ವಾರಕ್ಕೊಂದು ರಜೆ ಅಂತ ಸಿಂಗಪುರದಲ್ಲಿ 2013ರಿಂದ ಕಾನೂನಿದೆ. ಕೆಲಸದವಳು ಒಪ್ಪಿದರೆ ರಜೆಯ ಬದಲು ದುಡ್ಡು ಕೊಡಬಹುದು. ಊರಲ್ಲಿ ಸಾಲ ಇರುವವರು ಒಪ್ಪದೆ ಏನು ಮಾಡುತ್ತಾರೆ ಹೇಳು? ಎಷ್ಟೋ ಜನ ಎಲ್ಲ ಭಾನುವಾರಗಳನ್ನೂ ಹೀಗೇ ಮಾರಿಕೊಳ್ಳುತ್ತಿದ್ದರು. ಅದಕ್ಕೇ 2023ರಿಂದ ತಿಂಗಳಿಗೆ ಒಂದು ರಜೆಯನ್ನಾದರೂ ಕೊಡಲೇಬೇಕು, ಅದಕ್ಕೆ ದುಡ್ಡು ಕೊಟ್ಟು ಮುಗಿಸುವ ಹಾಗಿಲ್ಲ ಅಂತ ಮಾಡಿದ್ದಾರೆ. ಒಳ್ಳೆಯ ಕೆಲಸ ಮಾಡಿದರು. ನಾನು ಮಾತ್ರ ಒಂದನ್ನೂ ಮಾರುವುದಿಲ್ಲ.

ಯಾಕೆ ಅಂದರೆ, ವಾರದ ಉಳಿದ ದಿನ ನನ್ನ ಕಿವಿ ನನ್ನದಲ್ಲ. ಈ ಮಕ್ಕಳ ಮೇಲೆ ನನಗೆ ಪ್ರೀತಿ ಇದೆ, ಅದು ನಿನಗೂ ಗೊತ್ತು. ಆದರೆ ಮಕ್ಕಳು ಮಲಗಿದ ಮೇಲೂ ಕಿವಿ ಎಚ್ಚರವಾಗೇ ಇರುತ್ತದೆ. ಕೆಮ್ಮಿತಾ, ಹೊರಳಿತಾ, ಹಾಲಿಗೆ ಎದ್ದಿತಾ ಅಂತ. ಭಾನುವಾರ ಬೆಳಿಗ್ಗೆ ಮೇಡಮ್ ಕೈಗೆ ಪಾಪುವನ್ನು ಕೊಟ್ಟು ಲಿಫ್ಟ್ ಇಳಿದು ರಸ್ತೆಗೆ ಬಂದಾಗ ಆ ಕಿವಿಗೆ ರಜೆ. ಅಲ್ಲಿಂದ ಸಂಜೆಯವರೆಗೆ ನನ್ನನ್ನು ಯಾರೂ ಆಂಟಿ ಅಂತ ಕೂಗುವುದಿಲ್ಲ. ಎಡಕ್ಕೆ ಹೋಗಬೇಕಾ, ಬಲಕ್ಕಾ, ನಾನೇ ಹೇಳಬೇಕು. ಮದುವೆಯಾದ ಮೇಲೆ ಇಂಥ ದಿನ ನನಗೆ ಸಿಕ್ಕಿದ್ದೇ ಇಲ್ಲಿ.

ಮೊದಮೊದಲು ನಮ್ಮವರ ಅಂಗಡಿಗಳಿರುವ ಲಿಟಲ್ ಇಂಡಿಯಾ ಬೀದಿಗಳಿಗೆ ಮಾತ್ರ ಹೋಗುತ್ತಿದ್ದೆ. ತಮಿಳು ಇಲ್ಲಿ ಸರ್ಕಾರಿ ಭಾಷೆಗಳಲ್ಲಿ ಒಂದು. ರೈಲಿನ ಪ್ಲಾಟ್‌ಫಾರ್ಮಿನಲ್ಲೂ ತಮಿಳಿನಲ್ಲಿ ಕೂಗಿ ಹೇಳುತ್ತಾರೆ. ಕೆಜಿಎಫ್‌ನಲ್ಲಿ ಬೆಳೆದದ್ದು ಎಷ್ಟು ಉಪಯೋಗಕ್ಕೆ ಬಂತು ನೋಡು. ಅಲ್ಲಿನ ಟೆಕ್ಕಾ ಮಾರ್ಕೆಟ್ಟಿನಲ್ಲಿ ನುಗ್ಗೆಕಾಯಿ, ಕರಿಬೇವು, ಬಾಳೆಎಲೆ ಎಲ್ಲಾ ಸಿಗುತ್ತೆ. ಹೊರಗೆ ಮಲ್ಲಿಗೆ ಹಾರ. ಹಿಂದೆ ಆ ಜಾಗದಲ್ಲಿ ದನದ ವ್ಯಾಪಾರ ನಡೆಯುತ್ತಿತ್ತಂತೆ, ಪಕ್ಕದಲ್ಲೇ ಬಫಲೋ ರೋಡ್ ಅಂತ ಈಗಲೂ ಇದೆ. ಭಾನುವಾರ ಕಟ್ಟಡ ಕೆಲಸದ ಗಂಡಸರೆಲ್ಲ ಅಲ್ಲಿಗೇ ಬರುತ್ತಾರೆ. ಹುಲ್ಲಿನ ಮೇಲೆ ಕೂತು ಊರಿಗೆ ವಿಡಿಯೋ ಕಾಲ್ ಮಾಡುತ್ತಿರುತ್ತಾರೆ.

ಆಮೇಲೆ ಅನ್ನಿಸಿತು, ಇಷ್ಟು ದೂರ ಬಂದು ನಮ್ಮೂರಿನಂಥ ಬೀದಿಯನ್ನೇ ನೋಡಿಕೊಂಡು ಇರಬೇಕಾ ಅಂತ. ನಾನು ಕೆಲಸಕ್ಕಿರುವ ಮನೆಯ ಬಿಶಾನ್‌ನಿಂದ ರೈಲು ಹತ್ತಿದರೆ ಬೊಟಾನಿಕ್ ಗಾರ್ಡನ್ಸ್ ಹತ್ತಿರವೇ. ನಮ್ಮ ಲಾಲ್‌ಬಾಗ್ ತರ, ಆದರೆ ಒಳಗೆ ಹೋಗಲು ಕಾಸು ಕೊಡಬೇಕಿಲ್ಲ. ಆರ್ಕಿಡ್ ಹೂವಿನ ತೋಟಕ್ಕೆ ಮಾತ್ರ ಟಿಕೆಟ್. 1859ರಲ್ಲಿ ಮಾಡಿದ ತೋಟ. 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸ್ಟೇಷನ್ ಇರುವ ಕಡೆಯಿಂದ ಆ ಕಡೆಯ ತುದಿವರೆಗೆ ನಿಧಾನವಾಗಿ ನಡೆದರೆ ಒಂದು ದೊಡ್ಡ ಟೆಂಬುಸು ಮರ ಸಿಗುತ್ತೆ. ಅದರ ಒಂದು ಕೊಂಬೆ ನೆಲಕ್ಕೆ ಹತ್ತಿರದಲ್ಲೇ ಅಡ್ಡಡ್ಡ ಚಾಚಿಕೊಂಡಿದೆ. ಇಲ್ಲಿನ ಐದು ಡಾಲರ್ ನೋಟಿನ ಹಿಂದೆ ಇರುವುದು ಅದೇ ಮರ. ನಾನು ಪರ್ಸಿನಿಂದ ನೋಟು ತೆಗೆದು ಪಕ್ಕದಲ್ಲಿ ಹಿಡಿದು ನೋಡಿದೆ. ಅಷ್ಟು ದಿನ ಆ ನೋಟನ್ನು ಎಣಿಸಿ ಊರಿಗೆ ಕಳಿಸಿದ್ದೇ ಬಂತು, ಮರ ಕಂಡಿರಲಿಲ್ಲ.

ಈಗ ಅಪ್ಪನಿಗೆ ಓದಿ ಹೇಳಬೇಕಾದ ವಿಷಯ. ಗಾರೆ ಕೆಲಸ ಮುಗಿಸಿ ಬಂದು ಕೂತಿರುವಾಗ ಓದು, ಅವಸರದಲ್ಲಿ ಬೇಡ.

ಸಿಟಿ ಹಾಲ್ ಸ್ಟೇಷನ್ನಿಂದ ಮೇಲೆ ಬಂದರೆ ಬೆಳ್ಳಗೆ ಒಂದು ದೊಡ್ಡ ಚರ್ಚ್ ಇದೆ. ಸೇಂಟ್ ಆಂಡ್ರೂಸ್ ಅಂತ. ಒಬ್ಬರು ಹಿರಿಯ ತಮಿಳು ಹೆಂಗಸು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಕತೆ ಹೇಳಿದರು. ಅದನ್ನು ಕಟ್ಟಿದ್ದು ನಮ್ಮ ದೇಶದ ಕೈದಿಗಳು. ಬ್ರಿಟಿಷರು 1825ರಿಂದ ಕೈದಿಗಳನ್ನು ಹಡಗಿನಲ್ಲಿ ಇಲ್ಲಿಗೆ ತಂದು ರಸ್ತೆ, ಕಟ್ಟಡ ಎಲ್ಲಾ ಮಾಡಿಸಿದರು. ಈ ಚರ್ಚ್ ಕೆಲಸ 1856ರಲ್ಲಿ ಶುರುವಾಯಿತು. ಒಳಗಿನ ಗೋಡೆ, ಕಂಬಗಳಿಗೆ ಅವರು ಬಳಿದಿದ್ದು ಮದ್ರಾಸ್ ಕಡೆಯ ಗಾರೆ. ಮರಳೇ ಇಲ್ಲ! ಚಿಪ್ಪು ಸುಟ್ಟ ಸುಣ್ಣ, ಮೊಟ್ಟೆಯ ಬಿಳಿ, ಬೆಲ್ಲ. ಇದನ್ನು ಚೆನ್ನಾಗಿ ಬಡಿದು, ತೆಂಗಿನ ಸಿಪ್ಪೆ ನೆನೆಸಿದ ನೀರು ಸೇರಿಸಿ ಬಳಿಯುವುದು. ಒಣಗಿದ ಮೇಲೆ ಸ್ಫಟಿಕದ ಕಲ್ಲಿನಿಂದ, ದುಂಡು ಕಲ್ಲಿನಿಂದ ಹೊಳಪು ಬರುವವರೆಗೂ ಉಜ್ಜುವುದು. ಗೋಡೆ ಉಜ್ಜುವುದು ಎಷ್ಟು ಕಷ್ಟ ಅಂತ ನಮ್ಮ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಅಪ್ಪನ ಬೆರಳುಗಳನ್ನು ಸುಣ್ಣ ತಿಂದಿರುವುದು ನೀನೂ ನೋಡಿದ್ದೀಯ. ನಾನು ಆ ಕಂಬದ ಹತ್ತಿರ ಬಹಳ ಹೊತ್ತು ಕೂತಿದ್ದೆ. ಅವರು ಬಂದದ್ದು ಸರಪಳಿ ಹಾಕಿಸಿಕೊಂಡು. ನಾನು ಬಂದದ್ದು ಪಾಸ್‌ಪೋರ್ಟ್ ಹಿಡಿದು, ಸಂಬಳ ಮಾತಾಡಿಕೊಂಡು, ವಾರಕ್ಕೊಂದು ದಿನ ನನ್ನದು ಅಂತ ಬರೆಸಿಕೊಂಡು. ಆ ಒಂದು ದಿನವನ್ನು ನಾನು ಯಾಕೆ ಬಿಡಲಿ ಮಗಳೇ?

ಒಬ್ಬಳೇ ಓಡಾಡುತ್ತೀಯಲ್ಲ, ಭಯ ಆಗಲ್ವಾ ಅಂತ ಅಜ್ಜಿ ಕೇಳುತ್ತಲೇ ಇರುತ್ತಾರೆ. ಇಲ್ಲ ಅಂತ ಹೇಳು. ರಾತ್ರಿ ಎಂಟಕ್ಕೆ ಸ್ಟೇಷನ್ನಿಂದ ಮನೆಗೆ ನಡೆದೇ ಬರುತ್ತೇನೆ. ಒಬ್ಬಳೇ ಅನ್ನುವುದೂ ಪೂರ್ತಿ ನಿಜ ಅಲ್ಲ. ಆರ್ಚರ್ಡ್ ರೋಡಿನ ಲಕ್ಕಿ ಪ್ಲಾಜಾ ಅನ್ನುವ ಮಾಲಿನ ಹತ್ತಿರ ಭಾನುವಾರ ಫಿಲಿಪೀನ್ಸ್ ಹೆಂಗಸರು ಸಾವಿರಾರು ಜನ ಸೇರುತ್ತಾರೆ. ನಮ್ಮ ಬ್ಲಾಕಿನಲ್ಲೇ ಮಗು ನೋಡಿಕೊಳ್ಳುವ ಒಬ್ಬಳು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಚಾಪೆ ಹಾಸಿ, ಡಬ್ಬಿ ಬಿಚ್ಚಿ, ಒಬ್ಬರ ತಲೆ ಒಬ್ಬರು ಬಾಚುತ್ತಾ ಕೂರುತ್ತಾರೆ. ಊರಿಗೆ ಕಳಿಸಲು ದೊಡ್ಡ ದೊಡ್ಡ ಪೆಟ್ಟಿಗೆಗೆ ಸೋಪು, ಬಟ್ಟೆ, ಚಾಕೊಲೇಟ್ ತುಂಬುತ್ತಾರೆ. ಒಬ್ಬಳು ತನ್ನ ಮಗನ ಫೋಟೋ ತೋರಿಸಿದಳು, ನಾನು ನಿನ್ನದು ತೋರಿಸಿದೆ. ನೀನು ನರ್ಸಿಂಗ್ ಓದುತ್ತಿದ್ದೀಯ ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾಚಿಕೆ ಆಯಿತು, ಸಂತೋಷವೂ ಆಯಿತು.

ನಿನ್ನ ಫೀಸಿನ ದುಡ್ಡು ತಪ್ಪುವುದಿಲ್ಲ, ಅದು ತಿಂಗಳ ಸಂಬಳದಲ್ಲೇ ಎತ್ತಿಟ್ಟಾಗಿದೆ. ನೀನೂ ಹಾಸ್ಟೆಲಿನಲ್ಲಿ ಭಾನುವಾರ ಪೂರ್ತಿ ಬಟ್ಟೆ ಒಗೆಯುತ್ತಾ ಕೂರಬೇಡ. ಗೆಳತಿಯರ ಜೊತೆ ಎಲ್ಲಾದರೂ ಹೋಗಿ ಬಾ, ಬಸ್ ಚಾರ್ಜು ನನ್ನ ಲೆಕ್ಕ. ಎಲ್ಲಿಗೆ ಹೋದೆ, ಏನು ನೋಡಿದೆ ಅಂತ ಬರೆ. ನಾನು ಈ ಸಲ ಚಾಂಗಿ ಕಡೆ ಸಮುದ್ರ ನೋಡಲು ಹೋಗುತ್ತಿದ್ದೇನೆ, ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಮುಂದಿನ ಸೀಟು ಹಿಡಿದು. ಬೆಲ್ಲ ಹಾಕಿದ ಗಾರೆಗೆ ಅಪ್ಪ ಏನಂದರು ಅಂತ ಮರೆಯದೆ ತಿಳಿಸು.

ನಿನ್ನ ಅಮ್ಮ